ಋತುವಿಗೆ ತಕ್ಕ ಗಾಲಿ

ಕಳೆದ ನವೆಂಬರಿನಲ್ಲಿ ನನಗೊಂದು ಪತ್ರ ಬಂದಿತು. ಬರೆದವನು ನನ್ನ ಹಳೆಯ ವಿದ್ಯಾರ್ಥಿ. ಈಗ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಬಹುದಿನದ ಆಸೆಯಂತೆ ಅವನು ಒಂದು ಸ್ಪೋರ್ಟ್ಸ್ ಕಾರನ್ನು ಕೊಂಡಿದ್ದನು. ಕೊಂಡ ಮೂರೇ ತಿಂಗಳಿಗೆ ಮತ್ತೆ ನಾಲ್ಕು ಟೈರುಗಳನ್ನೂ ನಾಲ್ಕು ಗಾಲಿಗಳನ್ನೂ ಕೊಳ್ಳುವ ಪ್ರಸಂಗ ಒದಗಿತ್ತು. “ಸರ್, ಈಗಿರುವ ಟೈರುಗಳು ಹೊಸವು, ಅಗಲವಾದವು, ಒಣ ರಸ್ತೆಯಲ್ಲಿ ನೆಲವನ್ನು ಬಿಗಿಯಾಗಿ ಹಿಡಿದು ಓಡುತ್ತವೆ. ಇವನ್ನು ತೆಗೆದಿಟ್ಟು, ಚಳಿಗಾಲಕ್ಕೆ ಕಿರಿದಾದ ಟೈರನ್ನೂ ಚಿಕ್ಕ ಗಾಲಿಯನ್ನೂ ಹಾಕಿಸೆಂದು ಅಂಗಡಿಯವನು ಹೇಳುತ್ತಾನೆ. ಇದು ವ್ಯಾಪಾರದ ಮಾತೋ, ವಿಜ್ಞಾನದ ಮಾತೋ?” ಎಂಬುದು ಅವನ ಪ್ರಶ್ನೆ.

ಅಂಗಡಿಯವನ ಮಾತು ವಿಜ್ಞಾನದ ಮಾತೇ ಎಂದು ನಾನು ಉತ್ತರ ಬರೆದೆನು. ಆ ಉತ್ತರವು ಹಿಮವನ್ನೇ ಕಾಣದ ನಮ್ಮ ಅಮರಗೋಳಕ್ಕೂ ಅನ್ವಯಿಸುತ್ತದೆಂಬುದು ಮಾತ್ರ ಈ ವರ್ಷದ ಮಳೆಗಾಲದಲ್ಲಿಯೇ ನನಗೆ ಮನದಟ್ಟಾಯಿತು. ಆದುದರಿಂದ ಅದನ್ನು ತರುಣ ವಾಚಕರ ಮುಂದೆಯೂ ಇಡುತ್ತಿದ್ದೇನೆ.

ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. 1400 ಕಿಲೋಗ್ರಾಂ ತೂಕದ ಒಂದು ಕಾರು ನಾಲ್ಕು ಗಾಲಿಗಳ ಮೇಲೆ ಸಮನಾಗಿ ನಿಂತಿದೆ ಎನ್ನೋಣ. ಒಂದೊಂದು ಗಾಲಿಯ ಪಾಲಿಗೆ 350 ಕಿಲೋಗ್ರಾಂ, ಎಂದರೆ ಸುಮಾರು 3430 ನ್ಯೂಟನ್ ಭಾರ ಬರುತ್ತದೆ. ಟೈರಿನೊಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 22 ನ್ಯೂಟನ್ ಇದ್ದರೆ, ಆ ಭಾರವನ್ನು ಹೊರಲು ನೆಲವನ್ನು ಮುಟ್ಟಬೇಕಾದ ರಬ್ಬರು ಸುಮಾರು 156 ಚದರ ಸೆಂಟಿಮೀಟರು ಮಾತ್ರ. ಅದು ಒಂದು ಅಂಗೈಯಷ್ಟು ಜಾಗ! ಎಂಜಿನ್ನಿನ ಶಕ್ತಿ ಎಷ್ಟೇ ಇರಲಿ, ಬ್ರೇಕು ಎಷ್ಟೇ ಬಲವಾಗಿರಲಿ, ಅವೆಲ್ಲವೂ ನೆಲಕ್ಕೆ ತಲಪುವುದು ಈ ನಾಲ್ಕು ಅಂಗೈಗಳ ಮೂಲಕವೇ.

ಈ ಲೆಕ್ಕದಲ್ಲಿ ಟೈರಿನ ಅಗಲವು ಎಲ್ಲಿಯೂ ಬರಲಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಭಾರವೂ ಒತ್ತಡವೂ ಬದಲಾಗದಿದ್ದರೆ, ಅಗಲವಾದ ಟೈರು ನೆಲವನ್ನು ಮುಟ್ಟುವ ಕ್ಷೇತ್ರ ಬಹಳವೇನೂ ಹೆಚ್ಚುವುದಿಲ್ಲ. ಅದರ ಆಕಾರ ಬದಲಾಗುತ್ತದೆ. ಅಗಲ ಟೈರಿನ ಅಂಗೈ ಅಡ್ಡಲಾಗಿ ಹರಡಿ ಗಿಡ್ಡವಾಗುತ್ತದೆ. ಕಿರಿದಾದ ಟೈರಿನದು ಉದ್ದುದ್ದ ಚಾಚುತ್ತದೆ. ಒಣ ರಸ್ತೆಯ ತಿರುವುಗಳಲ್ಲಿ ಮೊದಲನೆಯದು ಮೇಲು. ಆದರೆ ಸಡಿಲವಾದ ಹಿಮ ಬಿದ್ದಿರುವಾಗ ಅಗಲವಾದ ಟೈರು ಅಷ್ಟೂ ಹಿಮವನ್ನು ತನ್ನ ಮುಂದೆ ತಳ್ಳುತ್ತ ಹೋಗಬೇಕು. ಕಿರಿದಾದದ್ದು ಅದನ್ನು ಸೀಳಿಕೊಂಡು ಹೋಗುತ್ತದೆ. ನೀರು ನಿಂತ ರಸ್ತೆಯಲ್ಲಿಯೂ ಇದೇ ನ್ಯಾಯ.

ಎರಡನೆಯ ಸಂಗತಿ ರಬ್ಬರಿನ ಸ್ವಭಾವ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಚ್ಚಾ ರಬ್ಬರಿನಿಂದ ಮಾಡಿದ ಸಾಮಾನುಗಳು ಚಳಿಗಾಲದಲ್ಲಿ ಸೆಟೆದುಕೊಳ್ಳುತ್ತಿದ್ದವು, ಬೇಸಗೆಯಲ್ಲಿ ಅಂಟಂಟಾಗುತ್ತಿದ್ದವು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಈ ದೋಷವನ್ನು ಬಹುಮಟ್ಟಿಗೆ ನಿವಾರಿಸುವ ದಾರಿಯನ್ನು ಕಂಡುಕೊಂಡನು. ಬಹುಮಟ್ಟಿಗೆ ಎಂದೆನಷ್ಟೇ, ಪೂರ್ತಿಯಾಗಿ ಅಲ್ಲ. ರಬ್ಬರಿನ ಉದ್ದನೆಯ ಅಣುಸರಪಳಿಗಳು ಉಷ್ಣತೆ ಇಳಿದಂತೆ ಚಲನೆಯನ್ನು ಕಳೆದುಕೊಂಡು ಬಿಗಿಯುವುದು ಅವುಗಳ ಸಹಜ ಗುಣ. ರಸ್ತೆಯ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಹಿಡಿದುಕೊಳ್ಳಬೇಕಾದ ರಬ್ಬರು ಬಿಗಿದುಕೊಂಡರೆ, ಹಿಡಿತ ತಪ್ಪುತ್ತದೆ. ಬೇಸಗೆಯ ಟೈರುಗಳು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೀಗಾಗತೊಡಗುತ್ತವೆಂದು ತಯಾರಕರು ಎಚ್ಚರಿಸುತ್ತಾರೆ. ಮಾಂಟ್ರಿಯಲ್ಲಿನಲ್ಲಿ ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೆ! ಚಳಿಗಾಲದ ಟೈರಿನ ರಬ್ಬರು ಅಲ್ಲಿಯೂ ಮೆತ್ತಗೆ ಉಳಿಯುವಂತೆ ಬೆರೆಸಿದ್ದು. ಅದರ ಮೈಮೇಲೆ ಹಿಮವನ್ನು ಕಚ್ಚಿ ಹಿಡಿಯುವ ನೂರಾರು ಸಣ್ಣ ಸೀಳುಗಳಿರುತ್ತವೆ. ಆ ಟೈರನ್ನೇ ನಮ್ಮ ಏಪ್ರಿಲ್ ಬಿಸಿಲಿಗೆ ತಂದರೆ, ಅದು ಅತಿಯಾಗಿ ಮೆತ್ತಗಾಗಿ ಬೇಗನೆ ಸವೆದುಹೋದೀತು. ಎಲ್ಲ ಕಾಲಕ್ಕೂ ಶ್ರೇಷ್ಠವಾದ ಟೈರೆಂಬುದು ಇಲ್ಲ.

ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಾನೂನಿನಂತೆಯೇ ಕಡ್ಡಾಯ. ಮೂರು ಶಿಖರಗಳ ಪರ್ವತ, ಅದರೊಳಗೊಂದು ಹಿಮದ ಹರಳು – ಈ ಗುರುತು ಇರುವ ಟೈರನ್ನೇ ಕೊಳ್ಳೆಂದು ಶಿಷ್ಯನಿಗೆ ತಿಳಿಸಿದೆನು. ಎರಡನ್ನಲ್ಲ, ನಾಲ್ಕನ್ನೂ, ಏಕೆಂದರೆ ಮುಂದಿನ ಗಾಲಿಗಳು ಹಿಡಿದು ಹಿಂದಿನವು ಜಾರಿದರೆ ಕಾರು ಬುಗುರಿಯಂತೆ ತಿರುಗುವ ಸಂಭವವಿದೆ.

ಇನ್ನು ಚಿಕ್ಕ ಗಾಲಿಯ ಮಾತು. ಅವನ ಕಾರಿನ ಟೈರು 225/40 ಆರ್ 18. ಎಂದರೆ ಅಗಲ 225 ಮಿಲಿಮೀಟರು. ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ 40, ಅಂದರೆ 90 ಮಿಲಿಮೀಟರು. ಗಾಲಿಯ ವ್ಯಾಸ 18 ಅಂಗುಲ. ಒಟ್ಟು ವ್ಯಾಸ 637 ಮಿಲಿಮೀಟರು. ಅದರ ಬದಲು 205/55 ಆರ್ 16 ಹಾಕಿದರೆ ಒಟ್ಟು ವ್ಯಾಸ 632 ಮಿಲಿಮೀಟರು; ವ್ಯತ್ಯಾಸ ನೂರಕ್ಕೆ ಒಂದಕ್ಕಿಂತಲೂ ಕಡಿಮೆಯಾದುದರಿಂದ ವೇಗಮಾಪಕ ಹೇಳಿಕೊಳ್ಳುವಷ್ಟು ತಪ್ಪು ತೋರಿಸದು. ಟೈರಿನ ಪಕ್ಕದ ಗೋಡೆ ಮಾತ್ರ 113 ಮಿಲಿಮೀಟರಿಗೆ ಏರುತ್ತದೆ. ಹಿಮದಡಿ ಅಡಗಿದ ಗುಂಡಿಯ ಪೆಟ್ಟನ್ನು ಗಾಲಿಯ ಬದಲು ಆ ಗೋಡೆ ತಿನ್ನುತ್ತದೆ. ಆದರೆ ಚಿಕ್ಕ ಗಾಲಿಯೊಳಗೆ ಬ್ರೇಕು ಹಿಡಿಸಬೇಕು, ಟೈರು ಕಾರಿನ ಭಾರವನ್ನು ಹೊರುವಂಥದಿರಬೇಕು. ಇವೆರಡನ್ನೂ ನೋಡದೆ ಕೊಳ್ಳಕೂಡದು. ಖರ್ಚಿನ ವಿಷಯವಾಗಿ ಹೇಳುವುದಾದರೆ, ಒಂದು ಜೊತೆ ಓಡುವಾಗ ಇನ್ನೊಂದು ಜೊತೆ ಸವೆಯದೆ ವಿಶ್ರಮಿಸುತ್ತದೆ; ಆದುದರಿಂದ ವೆಚ್ಚವು ಇಮ್ಮಡಿಯಾಗುವುದಿಲ್ಲ.

ಇಷ್ಟನ್ನು ಬರೆದು ಕಳುಹಿಸಿ, ಪರದೇಶದವರ ಚಿಂತೆ ಪರದೇಶಕ್ಕೆ ಎಂದು ನಾನು ಸುಮ್ಮನಾಗಿದ್ದೆನು. ಜೂನಿನ ಮೊದಲ ಮಳೆಯ ಸಂಜೆ, ಅಮರಗೋಳದ ಕೃಷಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ, ನಮ್ಮ ಕಾಲೇಜಿನ ಹುಡುಗನೊಬ್ಬ ಮೋಟಾರ್ ಸೈಕಲ್ಲಿನಿಂದ ಬಿದ್ದನು. ಹೊಲಗಳಿಂದ ಬರುವ ಟ್ರ್ಯಾಕ್ಟರುಗಳ ಗಾಲಿಗಂಟಿದ ಎರೆಮಣ್ಣು ಆ ರಸ್ತೆಯ ಮೇಲೆ ಉದುರಿರುತ್ತದೆ. ವಾಹನಗಳಿಂದ ತೊಟ್ಟಿಕ್ಕಿದ ಎಣ್ಣೆಯೂ ಬೇಸಗೆಯುದ್ದಕ್ಕೂ ಸೇರಿಕೊಂಡಿರುತ್ತದೆ. ಮೊದಲ ಮಳೆ ಇವೆರಡನ್ನೂ ಕಲಸಿ ನುಣ್ಣನೆಯ ಲೇಪವನ್ನು ಮಾಡುತ್ತದೆ. ಹುಡುಗನು ಅವಸರದಲ್ಲಿ ಬ್ರೇಕು ಹಾಕಿದನು. ಮುಂದಿನ ಗಾಲಿ ಜಾರಿತು. ಹೆಗಲ ಮೂಳೆ ಮುರಿದು ಅವನು ಆ ಸಲದ ಪರೀಕ್ಷೆಗೇ ಕೂಡಲಾಗಲಿಲ್ಲ. ಆಮೇಲೆ ನಾನು ಆ ವಾಹನವನ್ನು ನೋಡಿದೆನು. ಹಿಂದಿನ ಗಾಲಿಗೆ ಅಂದಕ್ಕಾಗಿ ಹೊಸದಾಗಿ ಹಾಕಿಸಿದ ಅಗಲವಾದ ಟೈರು, ಮುಂದಿನದು ಬೋಳು. ಬಹುಪಾಲು ಬ್ರೇಕಿನ ಬಲವನ್ನು ಹೊರುವುದು ಮುಂದಿನ ಗಾಲಿ ಎಂಬುದನ್ನು ನಾನೇ ಅವನಿಗೆ ಪಾಠ ಹೇಳಿದ್ದೆನು. ಪಾಠ ಹೇಳಿದವನು ವಾಹನ ನಿಲ್ಲಿಸುವ ಜಾಗಕ್ಕೆ ಹೋಗಿ ಒಂದು ಸಲವೂ ಬಗ್ಗಿ ನೋಡಿರಲಿಲ್ಲ. ಆ ಲೋಪ ನನ್ನದು.

ಟೈರಿನ ಮೈಮೇಲಿನ ಕಾಲುವೆಗಳು ಅಲಂಕಾರವಲ್ಲ. ರಸ್ತೆಯ ಮೇಲೆ 2 ಮಿಲಿಮೀಟರು ನೀರು ನಿಂತಿದ್ದು, 20 ಸೆಂಟಿಮೀಟರು ಅಗಲದ ಕಾರಿನ ಟೈರು ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವಾಗ, ಅದು ಒಂದು ಸೆಕೆಂಡಿಗೆ ಆರೂವರೆ ಲೀಟರಿಗಿಂತ ಹೆಚ್ಚು ನೀರನ್ನು ದಾರಿಯಿಂದ ಸರಿಸಬೇಕು. ಕಾಲುವೆಗಳು ಸವೆದಿದ್ದರೆ ನೀರು ಹೋಗುವುದೆಲ್ಲಿಗೆ? ಅದು ಟೈರಿನಡಿಗೆ ಬೆಣೆಯಂತೆ ನುಗ್ಗಿ ಗಾಲಿಯನ್ನೇ ಮೇಲೆತ್ತುತ್ತದೆ. ಘರ್ಷಣಾಂಕವು ಒಣ ಡಾಂಬರಿನ ಮೇಲೆ 0.7 ಇದ್ದರೆ, 60 ಕಿಲೋಮೀಟರು ವೇಗದ ವಾಹನ ಬ್ರೇಕು ಹಾಕಿದ ಮೇಲೆ 20 ಮೀಟರಿನಲ್ಲಿ ನಿಲ್ಲುತ್ತದೆ. ಒದ್ದೆಯಾಗಿ 0.4ಕ್ಕೆ ಇಳಿದರೆ 35 ಮೀಟರು. ತುಳಿದು ಗಟ್ಟಿಯಾದ ಹಿಮದ 0.2ಕ್ಕೆ ಇಳಿದರೆ 71 ಮೀಟರು. ಎಣ್ಣೆ ಬೆರೆತ ಕೆಸರಿನ ಮೇಲೆ ಬೋಳು ಟೈರಿನಲ್ಲಿ ಓಡುವವನು ಮಾಂಟ್ರಿಯಲ್ಲಿನ ಹಿಮಕ್ಕೆ ತಾನೇ ಹತ್ತಿರವಾಗುತ್ತಿರುತ್ತಾನೆ.

ಕಾನೂನು ನಮ್ಮಲ್ಲಿಯೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಈ ಕಾಲುವೆಗಳ ಆಳ ಕಾರಿನ ಟೈರಿನಲ್ಲಿ 1.6 ಮಿಲಿಮೀಟರಿಗೂ ದ್ವಿಚಕ್ರ ವಾಹನದ ಟೈರಿನಲ್ಲಿ 0.8 ಮಿಲಿಮೀಟರಿಗೂ ಕಡಿಮೆಯಾಗಕೂಡದು. ಇದು ಕನಿಷ್ಠ ಮಿತಿ. ಮಳೆಗಾಲದಲ್ಲಿ ಇದಕ್ಕಿಂತ ಹೆಚ್ಚಿರುವುದೇ ಕ್ಷೇಮ. ಸವೆದ ಟೈರಿಗೆ ಬಿಸಿ ಅಲಗಿನಿಂದ ಮತ್ತೆ ಗೀರು ಕೊರೆಸಿ ಹೊಸದೆಂಬ ಭ್ರಾಂತಿಯನ್ನು ಹುಟ್ಟಿಸುವ ಪದ್ಧತಿಯುಂಟು. ಅದರಿಂದ ಉಳಿದಿದ್ದ ತೆಳುವಾದ ರಬ್ಬರೂ ಕತ್ತರಿಸಿ ಹೋಗುತ್ತದೆ. ಅಂಥ ಟೈರು ಬೋಳು ಟೈರಿಗಿಂತಲೂ ಅಪಾಯಕರ.

ಆದುದರಿಂದ ನನ್ನದೊಂದು ಸೂಚನೆ. ನಮ್ಮ ಪ್ರತಿಯೊಂದು ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿಯೂ ವರ್ನಿಯರ್ ಕ್ಯಾಲಿಪರ್ಸ್ ಇರುತ್ತದೆ. ಅದರ ತುದಿಯಿಂದ ಹೊರಬರುವ ತೆಳುವಾದ ಕಡ್ಡಿ ಆಳವನ್ನು ಅಳೆಯುವುದಕ್ಕಾಗಿಯೇ ಇದೆ. ಬಹುಮಂದಿ ವಿದ್ಯಾರ್ಥಿಗಳು ಅದನ್ನು ಬಳಸದೆಯೇ ಪದವಿ ಪಡೆಯುತ್ತಾರೆ. ಪ್ರತಿ ವರ್ಷ ಮುಂಗಾರಿಗೆ ಮೊದಲು ಒಂದು ದಿನ, ಆವರಣದಲ್ಲಿ ನಿಂತ ವಾಹನಗಳ ಎಲ್ಲ ಟೈರುಗಳನ್ನೂ ವಿದ್ಯಾರ್ಥಿಗಳೇ ಅಳೆಯಲಿ. ಪ್ರತಿ ಟೈರಿನ ಮೂರು ಕಡೆ ಆಳವನ್ನು ತೆಗೆದು ಸರಾಸರಿಯನ್ನು ಬರೆಯಲಿ. ಗಾಳಿಯ ಒತ್ತಡವನ್ನೂ ನೋಡಲಿ. ಅಧ್ಯಾಪಕರ ವಾಹನಗಳನ್ನು ಬಿಡಬೇಕಾಗಿಲ್ಲ. ನಾನು ನನ್ನ ಸ್ಕೂಟರಿನಿಂದಲೇ ಆರಂಭಿಸಿದೆನು. ಹಿಂದಿನ ಟೈರಿನ ಆಳ 0.6 ಮಿಲಿಮೀಟರು ಇದ್ದಿತು. ಮರುದಿನ ಅದನ್ನು ಬದಲಾಯಿಸಿದೆನು.

ವಾಹನವನ್ನು ಅಂದಗೊಳಿಸುವ ಆಸೆ ತರುಣರಿಗೆ ಸಹಜ. ಅದನ್ನು ನಾನು ಹಳಿಯುವುದಿಲ್ಲ. ಆದರೆ ಹಣ ಮೊದಲು ಸಲ್ಲಬೇಕಾದುದು ನೆಲವನ್ನು ಮುಟ್ಟುವ ಆ ಅಂಗೈಯಷ್ಟು ರಬ್ಬರಿಗೆ. ಮಾಂಟ್ರಿಯಲ್ಲಿನ ಶಿಷ್ಯನು ಚಿಕ್ಕ ಗಾಲಿಗಳನ್ನೇ ಹಾಕಿಸಿಕೊಂಡು ಚಳಿಗಾಲವನ್ನು ಕ್ಷೇಮವಾಗಿ ಕಳೆದನೆಂದು ಬರೆದಿದ್ದಾನೆ. ಕಾರು ನೋಡಲು ಈಗ ಸ್ವಲ್ಪ ಸಪ್ಪೆಯಾಯಿತೆಂದೂ ಸೇರಿಸಿದ್ದಾನೆ. ಅಮರಗೋಳದ ಹುಡುಗನ ಕೈ ಇನ್ನೂ ಪೂರ್ತಿ ಮೇಲೆತ್ತಲು ಬರುವುದಿಲ್ಲ. ಮುಂದಿನ ಮುಂಗಾರಿಗೆ ಮೊದಲು ಅಳೆಯುವ ತಂಡದಲ್ಲಿ ತಾನೂ ಇರುವುದಾಗಿ ಅವನು ಹೇಳಿದ್ದಾನೆ.