ಕರಬೂಜ ತಿಂದರೆ ಕಿಡ್ನಿ ಕಲ್ಲು ಕರಗುತ್ತದೆಯೇ? ಬೇಸಿಗೆ ಹಣ್ಣಿನ ಮನೆಮದ್ದಿನಲ್ಲಿ ನಿಜವೆಷ್ಟು?

ಬೇಸಿಗೆ ಶುರುವಾದರೆ ಹಾವೇರಿ, ರಾಣೆಬೆನ್ನೂರಿನ ರಸ್ತೆ ಬದಿಯಲ್ಲಿ ಕರಬೂಜ, ಕಲ್ಲಂಗಡಿಯ ರಾಶಿ ಕಾಣುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಒಣಮೆಣಸಿನಕಾಯಿ ಬರುವ ದಿನಗಳೂ ಇವೇ. ಬಿಸಿಲಿನಲ್ಲಿ ಚೀಲ ಹೊರುವವರಿಗೆ ಒಂದು ಹೋಳು ಹಣ್ಣು ನಿಜಕ್ಕೂ ಹಿತ. ಇದೇ ಹೊತ್ತಿಗೆ ವಾಟ್ಸಾಪ್‌ನಲ್ಲೂ ಕರಬೂಜದ ಸುದ್ದಿ ಹರಿದಾಡುತ್ತದೆ: ಕಿಡ್ನಿ ಕಲ್ಲು ಕರಗುತ್ತದೆ, ಬಿಪಿ ಇಳಿಯುತ್ತದೆ, ಬೀಜದ ಪುಡಿಯಿಂದ ಉರಿಮೂತ್ರ ವಾಸಿಯಾಗುತ್ತದೆ, ಮಾತ್ರೆಯೇ ಬೇಡ! ಇದನ್ನು ನಂಬಿ ಮಾತ್ರೆ ಬಿಟ್ಟವರಿಗೆ ತೊಂದರೆ ಆಗಬಹುದು. ಹಾಗಾಗಿ ಒಂದೊಂದೇ ಮಾತನ್ನು ನಾವು ಪರಿಶೀಲಿಸೋಣ.

ಹಳೆಯ ಗ್ರಂಥದಲ್ಲಿ ಏನಿದೆ?

16ನೇ ಶತಮಾನದಲ್ಲಿ ಭಾವಮಿಶ್ರ ಬರೆದ ಆಯುರ್ವೇದ ಗ್ರಂಥ 'ಭಾವಪ್ರಕಾಶ'ದಲ್ಲಿ ಕರಬೂಜಕ್ಕೆ 'ದಶಾಂಗುಲ' ಎಂಬ ಹೆಸರಿದೆ. ಈ ಹಣ್ಣು ತಂಪು, ಬಲ ಕೊಡುತ್ತದೆ, ಮೂತ್ರವನ್ನು ಸಲೀಸಾಗಿ ಹೊರಹಾಕಿಸುತ್ತದೆ, ಹೊಟ್ಟೆ ಶುದ್ಧಿ ಮಾಡುತ್ತದೆ, ಆದರೆ ಜೀರ್ಣಕ್ಕೆ ಭಾರ ಎಂದು ಅದು ಹೇಳುತ್ತದೆ. ಫಾರ್ವರ್ಡ್‌ಗಳಲ್ಲಿ ಬರುವುದು ಇಷ್ಟೇ. ಮುಂದಿನ ಮಾತು ಅವುಗಳಲ್ಲಿ ಇರುವುದಿಲ್ಲ: ಹುಳಿ ಮತ್ತು ಕ್ಷಾರದ ರುಚಿಯಿರುವ ಕರಬೂಜ ಮೂತ್ರದ ತೊಂದರೆಯನ್ನೇ ತರುತ್ತದೆ ಎಂದೂ ಅದೇ ಗ್ರಂಥ ಎಚ್ಚರಿಸುತ್ತದೆ. ಅಂದರೆ ಎಲ್ಲರಿಗೂ, ಎಲ್ಲ ಹಣ್ಣೂ ಮದ್ದು ಎಂದು ಹಿಂದಿನವರೂ ಹೇಳಿರಲಿಲ್ಲ.

ಕಿಡ್ನಿ ಕಲ್ಲು ಕರಗುತ್ತದೆಯೇ?

ಕರಬೂಜದಲ್ಲಿ ಸುಮಾರು 90% ನೀರು. ನೀರಿನಂಶ ಹೆಚ್ಚು ಹೋದರೆ ಮೂತ್ರ ಹೆಚ್ಚುತ್ತದೆ, ತೆಳುವಾಗುತ್ತದೆ. ಹೊಸ ಕಲ್ಲು ಕಟ್ಟುವ ಸಾಧ್ಯತೆ ಕಡಿಮೆಯಾಗುತ್ತದೆ. ಮೂತ್ರದಲ್ಲಿರುವ ಸಿಟ್ರೇಟ್ ಎಂಬ ಅಂಶವೂ ಕಲ್ಲು ಕಟ್ಟುವುದನ್ನು ತಡೆಯುತ್ತದೆ. ಕರಬೂಜದ ರಸ ಕುಡಿದಾಗ ಈ ಸಿಟ್ರೇಟ್ ಹೆಚ್ಚಿತು ಎಂದು 2012ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಒಂದು ಚಿಕ್ಕ ಅಧ್ಯಯನ ತೋರಿಸಿದೆ. ಇದೆಲ್ಲ ಕಲ್ಲು ಬಾರದಂತೆ ನೋಡಿಕೊಳ್ಳುವ ಮಾತು. ಹೆಚ್ಚಿನವರಲ್ಲಿ ಕಾಣುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಒಮ್ಮೆ ಕಟ್ಟಿದರೆ ಹಣ್ಣು ತಿಂದು ಕರಗುವುದಿಲ್ಲ. ನೋವಿನ ಜೊತೆ ಜ್ವರ ಬಂದರೆ, ಮೂತ್ರ ನಿಂತರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಬಿಪಿ ಮಾತ್ರೆಯ ಬದಲು ಕರಬೂಜ?

ಬೇಡ. 100 ಗ್ರಾಂ ಕರಬೂಜದಲ್ಲಿ ಸುಮಾರು 267 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಪೊಟ್ಯಾಸಿಯಂ ಇರುವ ಹಣ್ಣು, ತರಕಾರಿ ಬಿಪಿ ಹತೋಟಿಗೆ ನೆರವಾಗುವುದು ನಿಜ. ಆದರೆ ಕಿಡ್ನಿ ಕೆಟ್ಟವರಲ್ಲಿ, ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಇದೇ ಪೊಟ್ಯಾಸಿಯಂ ಹೊರಗೆ ಹೋಗದೆ ರಕ್ತದಲ್ಲಿ ಉಳಿದು ಹೃದಯ ಬಡಿತವನ್ನೇ ಏರುಪೇರು ಮಾಡಬಹುದು. ಟೆಲ್ಮಿಸಾರ್ಟಾನ್‌ನಂಥ ಕೆಲವು ಬಿಪಿ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಕಿಡ್ನಿ ಒಳ್ಳೆಯದಾಗುತ್ತದೆ ಎಂಬ ಫಾರ್ವರ್ಡ್ ಹೆಚ್ಚು ಅಪಾಯ ತರುವುದು ಕಿಡ್ನಿ ಕಾಯಿಲೆ ಇರುವವರಿಗೇ. ಅವರು ಎಷ್ಟು ತಿನ್ನಬಹುದೆಂದು ವೈದ್ಯರನ್ನೇ ಕೇಳಲಿ.

ಶುಗರ್ ಇದ್ದವರು ತಿನ್ನಬಹುದೇ?

100 ಗ್ರಾಂ ಹಣ್ಣಿನಲ್ಲಿ ಸುಮಾರು 8 ಗ್ರಾಂ ಸಕ್ಕರೆ ಇದೆ. ಒಂದೆರಡು ಹೋಳು ಹೆಚ್ಚಿನವರಿಗೆ ತೊಂದರೆ ಕೊಡದು. ಸಕ್ಕರೆ, ಬೆಲ್ಲ ಹಾಕಿದ ಜ್ಯೂಸ್ ಮಾತ್ರ ಬೇರೆಯೇ ಲೆಕ್ಕ.

ಬೀಜ ಮದ್ದೇ, ವಿಷವೇ?

ಕರಬೂಜದ ಬೀಜದ ತಿರುಳು ತಿನ್ನುವ ಪದಾರ್ಥ. ಅಂಗಡಿಯಲ್ಲಿ 'ಮಗಜ್' ಎಂದು ಸಿಗುತ್ತದೆ, ಸಿಹಿತಿಂಡಿ, ಥಂಡಾಯಿಗೆ ಹಾಕುತ್ತಾರೆ. ಯುನಾನಿ ವೈದ್ಯದಲ್ಲಿ ಮೂತ್ರದ ತೊಂದರೆಗೆ ಬಳಸುತ್ತಾರೆ. ಪ್ರೋಟೀನ್, ಎಣ್ಣೆಯಂಶ ಇರುವ ಒಳ್ಳೆಯ ಆಹಾರ, ಸರಿ. ಆದರೆ ಉರಿಮೂತ್ರಕ್ಕೆ ಸೋಂಕು ಕಾರಣವಾಗಿದ್ದರೆ ಅದು ಬೀಜದ ಪುಡಿಯಿಂದ ಹೋಗುವುದಿಲ್ಲ.

ರಾಣೆಬೆನ್ನೂರು ಸುತ್ತಲಿನವರು ಇನ್ನೊಂದು ಎಚ್ಚರ ವಹಿಸಬೇಕು. ಇದು ಹೈಬ್ರಿಡ್ ತರಕಾರಿ ಬೀಜೋತ್ಪಾದನೆಗೆ ಹೆಸರಾದ ಪ್ರದೇಶ. ಬಿತ್ತನೆಗೆಂದು ಪ್ಯಾಕ್ ಮಾಡುವ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿ ಬಣ್ಣ ಹಚ್ಚಿರುತ್ತಾರೆ. ತೊಳೆದರೂ ಅದು ತಿನ್ನಲು ಯೋಗ್ಯವಲ್ಲ. ಬಿತ್ತಿ ಉಳಿದ ಬೀಜವನ್ನು ಮನೆಮದ್ದಿಗೆ ಪುಡಿ ಮಾಡಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಬಿಸಿಲಿನ ಹೊಡೆತಕ್ಕೆ ಹಣ್ಣು ಸಾಕೇ?

ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಕರಬೂಜದಲ್ಲಿ ಉಪ್ಪಿನಂಶ ತೀರಾ ಕಡಿಮೆ. ದಿನವಿಡೀ ಬಿಸಿಲಿನಲ್ಲಿ ದುಡಿಯುವವರಿಗೆ ಹಣ್ಣಿನ ಜೊತೆ ನೀರು, ಉಪ್ಪು ಹಾಕಿದ ಮಜ್ಜಿಗೆ ಬೇಕು. ತುಂಬಾ ಸುಸ್ತಾದರೆ ಓಆರ್‌ಎಸ್ ಬೇಕು. ಮೈ ಕೆಂಡದಂತೆ ಸುಡುತ್ತಿದ್ದು, ಮಾತು ತಡವರಿಸಿದರೆ ಅಥವಾ ಪ್ರಜ್ಞೆ ತಪ್ಪಿದರೆ ಜ್ಯೂಸ್ ಕುಡಿಸಲು ಹೋಗಬೇಡಿ. ನೆರಳಿಗೆ ಕರೆದೊಯ್ದು ಮೈಗೆ ತಣ್ಣೀರು ಹಾಕಿ, ಗಾಳಿ ಬೀಸಿ, 108ಕ್ಕೆ ಕರೆ ಮಾಡಿ.

ಕೊಯ್ಯುವ ಮುನ್ನ ತೊಳೆಯಿರಿ

ಕರಬೂಜದ ಒರಟು ಸಿಪ್ಪೆಯಲ್ಲಿ ಮಣ್ಣು, ರೋಗಾಣು ಕೂರುತ್ತವೆ. ಕೊಯ್ಯುವಾಗ ಚಾಕುವಿನ ಮೂಲಕ ಅವು ಒಳಗಿನ ತಿರುಳಿಗೆ ಹೋಗುತ್ತವೆ. 2011ರಲ್ಲಿ ಅಮೆರಿಕದಲ್ಲಿ ಲಿಸ್ಟೀರಿಯಾ ಎಂಬ ರೋಗಾಣು ಅಂಟಿದ ಕರಬೂಜ ತಿಂದು 33 ಜನ ಸತ್ತರು. ಇಡೀ ಹಣ್ಣನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು, ಆಮೇಲೆ ಕೊಯ್ಯಿರಿ. ಕೊಯ್ದ ಹೋಳನ್ನು ಬೇಸಿಗೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಗರ್ಭಿಣಿಯರು, ವಯಸ್ಸಾದವರು ರಸ್ತೆ ಬದಿಯಲ್ಲಿ ಕೊಯ್ದಿಟ್ಟ ಹಣ್ಣು ತಿನ್ನದಿರುವುದೇ ಲೇಸು.

ಒಟ್ಟಿನಲ್ಲಿ

ಕರಬೂಜ ಬೇಸಿಗೆಗೆ ಒಳ್ಳೆಯ ಆಹಾರ. ದಾಹ ತಣಿಸುತ್ತದೆ, ಮೂತ್ರ ಸಲೀಸಾಗಿಸುತ್ತದೆ ಎಂಬ ಹಿರಿಯರ ಮಾತಿಗೆ ಆಧಾರವಿದೆ. ಕಲ್ಲು ಕರಗಿಸುತ್ತದೆ, ಮಾತ್ರೆ ಬಿಡಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮುಂದಿನ ಬಾರಿ ಅಂಥ ಸಂದೇಶ ಬಂದಾಗ ನಿಮ್ಮ ಗುಂಪಿನಲ್ಲಿ ಕಿಡ್ನಿ ತೊಂದರೆ ಇರುವವರು ಯಾರಿದ್ದಾರೆ ಎಂದು ಒಮ್ಮೆ ಯೋಚಿಸಿ, ಆಮೇಲೆ ಫಾರ್ವರ್ಡ್ ಬಟನ್ ಒತ್ತಿ.