ನೋಡದೆ ಹಳಿಯುವವರಿಗೆ

ಕಳೆದ ತಿಂಗಳ ಸಭೆಯಲ್ಲಿ, ತಿಂಗಳಿಗೊಂದು ಒಳ್ಳೆಯ ಚಿತ್ರಪಟವನ್ನು ಸಂಘದ ಕೋಣೆಯಲ್ಲಿ ಟಿ.ವಿ.ಯ ಮೇಲೆ ತೋರಿಸೋಣ, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದಿಂದ ಆರಂಭವಾಗಲಿ, ಎಂದು ನಾನು ಸೂಚಿಸಿದೆನು. ಹಿರಿಯ ಸದಸ್ಯರೊಬ್ಬರು ಕೂಡಲೆ ಎದ್ದು, ಸಾಹಿತ್ಯ ಸಂಘವು ಟಾಕೀಜು ಆಗತಕ್ಕದ್ದಲ್ಲವೆಂದೂ, ಪಾಠಶಾಲೆಯನ್ನೂ ಧರ್ಮಶಾಸ್ತ್ರವನ್ನೂ ಹಳಿಯುವ ಚಿತ್ರವನ್ನು ಸಂಸ್ಕೃತ ಕಲಿತವನೇ ಹೊತ್ತು ತರುವದು ಸೋಜಿಗವೆಂದೂ ನುಡಿದರು. ತಾವು ಅದನ್ನು ನೋಡಿರುವಿರಾ ಎಂದು ಕೇಳಿದೆನು. ನೋಡುವ ಅಗತ್ಯವಿಲ್ಲವೆಂಬ ಉತ್ತರ ಬಂದಿತು. ಆ ಉತ್ತರಕ್ಕೆ ಇದು ನನ್ನ ಪ್ರತ್ಯುತ್ತರ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುವೆನು. 1977ರ ಆ ಚಿತ್ರವು ರಾಷ್ಟ್ರದ ಸ್ವರ್ಣಕಮಲವನ್ನು ಪಡೆದಾಗ ನಾನು ಪಾಠಶಾಲೆಯಲ್ಲಿ ಸಿದ್ಧಾಂತಕೌಮುದಿಯನ್ನು ಉರುಹೊಡೆಯುತ್ತಿದ್ದೆನು. ಅಂಥದನ್ನು ನೋಡಬಾರದೆಂದು, ಗುರುಗಳು ಹೇಳದಿದ್ದರೂ, ನಾನೇ ನಿಶ್ಚಯಿಸಿಕೊಂಡಿದ್ದೆನು. ನಲವತ್ತಕ್ಕೆ ಮಿಕ್ಕಿದ ವರ್ಷಗಳ ಮೇಲೆ ನನ್ನನ್ನು ಅದರ ಬಳಿಗೆ ಕರೆತಂದವನು, ವಾಚಕರು ನಗಬಾರದು, ಫಿನ್ಲಂಡ ದೇಶದ ಒಬ್ಬ ನಿರ್ದೇಶಕನು.

ಬೆಂಗಳೂರಿನಲ್ಲಿರುವ ಮಗನು ಬಿಟ್ಟುಹೋದ ಡಿ.ವಿ.ಡಿ.ಗಳಲ್ಲಿ ಅಕಿ ಕೌರಿಸ್ಮಾಕಿ ಎಂಬವನ ಮೂರು ಚಿತ್ರಗಳಿದ್ದವು. ಮಳೆಗಾಲದ ಒಂದು ರಾತ್ರಿ ನಿದ್ದೆ ಬಾರದೆ ಒಂದನ್ನು ಹಚ್ಚಿದೆನು. 1990ರದು, ಬೆಂಕಿಪೆಟ್ಟಿಗೆಯ ಕಾರಖಾನೆಯಲ್ಲಿ ದುಡಿಯುವ ಹುಡುಗಿಯ ಕಥೆ. ಎಪ್ಪತ್ತು ನಿಮಿಷವೂ ಇಲ್ಲ. ಮೊದಲಿಗೆ ಬರಿಯ ಯಂತ್ರಗಳು. ಮರದ ದಿಮ್ಮಿಯು ಕಡ್ಡಿಯಾಗಿ ಪೆಟ್ಟಿಗೆ ಸೇರುವದನ್ನು ನಾವು ಸುಮ್ಮನೆ ನೋಡುತ್ತ ಕೂಡ್ರಬೇಕು. ಕೆಳಗೆ ಮೂಡುವ ಇಂಗ್ಲಿಷ ಅಕ್ಷರಗಳನ್ನು ಓದುವ ಶ್ರಮವೂ ಹೆಚ್ಚಿಲ್ಲ, ಅಷ್ಟು ಮಿತಭಾಷಿಯಾದ ಚಿತ್ರವದು. ಹುಡುಗಿಯ ಗಳಿಕೆಯನ್ನು ತಾಯಿಯೂ ಮಲತಂದೆಯೂ ತಿನ್ನುವರು. ಅವಳು ಗರ್ಭಿಣಿಯಾಗಲು, ಕಾರಣನಾದವನು ಚೆಕ್ಕು ಕಳುಹಿಸಿ ಕೈತೊಳೆದುಕೊಳ್ಳುವನು; ಮಲತಂದೆಯು ಮನೆ ಬಿಡಿಸುವನು. ಅವಳು ಅಂಗಡಿಗೆ ಹೋಗಿ ಇಲಿಪಾಷಾಣ ಕೊಳ್ಳುವಳು.

ಮರುದಿನ ಫೋನಿನಲ್ಲಿ ಮಗನಿಗೆ ಹೇಳಿದೆನು. “ಅಪ್ಪಾ, ಇದ ಕಥೀ ನಿಮ್ಮ ಪಾಠಶಾಲ್ಯಾಗೂ ಆಗೇದ. ಘಟಶ್ರಾದ್ಧ ನೋಡ್ರಿ,” ಎಂದನು.

ನೋಡಿದೆನು. ಫಿನ್ಲಂಡದ ಚಿತ್ರವು ಕನ್ನಡಿಯಂತೆ ಸ್ವಚ್ಛ. ನನಗೆ ದೊರೆತ ಕನ್ನಡ ಚಿತ್ರದ ಪ್ರತಿಯು ಮಂಜು ಮುಸುಕಿದ ಹಾಗೆ. ಆದರೂ ಆ ಮಂಜಿನೊಳಗೆ ನನ್ನ ಬಾಲ್ಯವೇ ಕುಳಿತಿತ್ತು. ವೇದ ಹೇಳಿಸುವ ಉಡುಪರ ಮನೆ, ಅವರ ವಿಧವೆ ಮಗಳು ಯಮುನಕ್ಕ, ಅವಳನ್ನು ಹಚ್ಚಿಕೊಂಡ ಎಳೆಯ ವಟು ನಾಣಿ. ಅವಳು ಬಸುರಾದುದು ಒಬ್ಬ ಶಾಲಾ ಮಾಸ್ತರನಿಂದ, ಇದನ್ನು ನಾನು ಮರೆಮಾಚುವದಿಲ್ಲ. ಬದುಕಿರುವ ಮಗಳಿಗೆ ತಂದೆಯೇ ಘಟಶ್ರಾದ್ಧ ಮಾಡುವನು. ತಲೆ ಬೋಳಿಸಿದವಳು ಮರದ ಕೆಳಗೆ ಒಬ್ಬಳೇ ಕುಳಿತಿರಲು, ನಾಣಿಯು ತನ್ನ ತಂದೆಯೊಡನೆ ಊರು ಬಿಡುವನು.

ಇದರಲ್ಲಿ ಶಾಸ್ತ್ರನಿಂದೆ ಎಲ್ಲಿದೆ? ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವನ್ನು ಆ ಮಹನೀಯರೂ ಓದಿರುವರು. ಪತಿತನಿಗೆ ಸತ್ತವನಿಗೆಂಬಂತೆ ಜಲವಿತ್ತು, ದಾಸಿಯ ಕಾಲಿನಿಂದ ಕೊಡವನ್ನು ಉರುಳಿಸಬೇಕೆಂದು ಅಲ್ಲಿದೆ, ನಿಜ. ಪ್ರಾಯಶ್ಚಿತ್ತವಾದ ಮೇಲೆ ಬಂಧುಗಳು ಅವನೊಡನೆ ಮಿಂದು ಹೊಸ ಕೊಡವನ್ನು ನೀರಿಗೆ ಬಿಡಬೇಕೆಂದೂ ಅಲ್ಲಿಯೇ ಇದೆ. ಪತಿತಳಾದ ಹೆಂಗಸಿಗಾದರೋ ಅನ್ನ, ನೀರು, ವಸ್ತ್ರಗಳನ್ನು ಕೊಡತಕ್ಕದ್ದು, ಆಕೆಯು ಮನೆಯ ಹತ್ತಿರವೇ ವಾಸಿಸತಕ್ಕದ್ದು ಎಂದು ಸ್ಪಷ್ಟವಾಗಿದೆ. ಕೊಡ ಒಡೆಯುವ ವಿಧಿಯನ್ನು ನೆನಪಿಟ್ಟು ಅನ್ನ ಕೊಡುವ ವಿಧಿಯನ್ನು ಮರೆತವರು ಯಾರು? ಕಾಸರವಳ್ಳಿಯವರಲ್ಲ, ಕಥೆ ಬರೆದ ಅನಂತಮೂರ್ತಿಯವರೂ ಅಲ್ಲ.

ನಮ್ಮ ಮನೆಯಲ್ಲಿಯೂ ಒಬ್ಬ ಸೋದರತ್ತೆಯಿದ್ದಳು. ಬಾಲವಿಧವೆ, ಕೆಂಪು ಸೀರೆ, ಹಿತ್ತಲ ಕೋಣೆ. ಯಾವ ತಪ್ಪೂ ಮಾಡಿದವಳಲ್ಲ. ಪಾಠಶಾಲೆಯಿಂದ ರಜೆಗೆ ಬಂದಾಗ ನನ್ನ ಧೋತರ ಒಗೆದು ಮಡಚಿಡುತ್ತಿದ್ದಳು. ಅವಳ ಹೆಸರು ನನಗೆ ತಿಳಿದುದು ಅವಳ ಶ್ರಾದ್ಧದ ಸಂಕಲ್ಪದಲ್ಲಿ. ಚಿತ್ರ ಮುಗಿದ ಮೇಲೆ ಆ ರಾತ್ರಿ ನಾನು ಮಾಡಿದ್ದು ಇಷ್ಟೇ: ಆ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿದೆನು.

ಇನ್ನು ಟಾಕೀಜಿನ ಮಾತು. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ನನ್ನ ತಲೆಮಾರಿನವರು ಅವರ ಕಂಠವನ್ನು ಕೇಳಿರುವದೆಲ್ಲ ಗ್ರಾಮಫೋನಿನ ಮುದ್ರಿಕೆಗಳ ದಯದಿಂದ. ಮನೆಯಲ್ಲಿ ಕುಳಿತು ಕೇಳಿದ ಸಂಗೀತವು ಸಂಗೀತವಲ್ಲವೆಂದು ಯಾರೂ ಹೇಳಲಿಲ್ಲ. ಮನೆಯಲ್ಲಿ ನೋಡಿದ ಚಿತ್ರಕ್ಕೆ ಮಾತ್ರ ಏಕೆ ಈ ಮಡಿ? ಫಿನ್ಲಂಡದವನ ಚಿತ್ರವು ಹಳ್ಳಿಯ ಮುದುಕನೊಬ್ಬನ ಪಡಸಾಲೆಯವರೆಗೆ ಕೆಡದೆ ಬಂದಿತು. ನಮ್ಮದನ್ನು ಮಸುಕಿನಿಂದ ಬಿಡಿಸಿ ಹೊಸದಾಗಿಸಲು ಅಮೇರಿಕೆಯ ಫಿಲ್ಮ್ ಫೌಂಡೇಶನ್ನಿನವರೂ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನವರೂ ಕೈಗೂಡಿಸಬೇಕಾಯಿತು. 2024ರಲ್ಲಿ ಆ ಪ್ರತಿಯನ್ನು ವೆನಿಸಿನಲ್ಲಿ ತೋರಿಸಿದರು. ವೆನಿಸಿನವರು ನೋಡಬಹುದು, ನವಲಗುಂದ, ಅಣ್ಣಿಗೇರಿಗಳವರು ನೋಡಬಾರದಂತೆ!

ಮುಂದಿನ ಸಭೆಗೆ ಟಿ.ವಿ.ಯನ್ನು ನಾನೇ ಟಂಟಂನಲ್ಲಿ ಹಾಕಿಕೊಂಡು ತರುವೆನು. ಆಕ್ಷೇಪಿಸಿದ ಮಹನೀಯರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಕಾದಿರಿಸಿದೆ. ಮನುಸ್ಮೃತಿಯನ್ನೂ ತರಲಿ, ಚಿತ್ರ ಮುಗಿದ ಮೇಲೆ ಆ ಶ್ಲೋಕವನ್ನು ಇಬ್ಬರೂ ಕೂಡಿ ಓದೋಣ.