ಈ ರಜೆಯಲ್ಲಿ ಮಕ್ಕಳನ್ನು ಗ್ರಂಥಾಲಯಕ್ಕೆ ಕರೆದೊಯ್ಯಿರಿ

ಏಪ್ರಿಲ್ ಎರಡನೇ ವಾರಕ್ಕೆ ನಮ್ಮ ಶಾಲೆಗಳಿಗೆ ಬೀಗ ಬೀಳುತ್ತದೆ. ಮತ್ತೆ ತೆರೆಯುವುದು ಮೇ ಕೊನೆಗೆ. ಈ ದಿನಗಳಲ್ಲಿ ಮಕ್ಕಳು ಆಡಬೇಕು, ಈಜಬೇಕು, ಮಾವಿನ ಮರ ಹತ್ತಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡನೇ, ಮೂರನೇ ತರಗತಿಯ ಮಗು ಈಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತಿರುತ್ತದೆ. ಒತ್ತಕ್ಷರ ಎದುರಾದರೆ ಇನ್ನೂ ತಡವರಿಸುತ್ತಿರುತ್ತದೆ. ಪಠ್ಯಪುಸ್ತಕ ಬಿಟ್ಟು ಬೇರೊಂದು ಪುಸ್ತಕವಿಲ್ಲದ ಮನೆಯಲ್ಲಿ ಅಂಥ ಮಗುವಿಗೆ ಓದಿನ ರೂಢಿಯೇ ತಪ್ಪಿಹೋಗುತ್ತದೆ.

ಪುಸ್ತಕ ಕೊಳ್ಳಲು ಎಲ್ಲರಿಗೂ ಆಗುವುದಿಲ್ಲ. ಗ್ರಂಥಾಲಯ ಇರುವುದೇ ಅದಕ್ಕಾಗಿ. ನಮ್ಮ ರಾಜ್ಯದಲ್ಲಿ 1965ರಲ್ಲೇ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯ ಕರವೂ ಸೇರಿರುತ್ತದೆ. ಅಂದರೆ ಆ ಕಪಾಟಿನ ಪುಸ್ತಕಗಳಲ್ಲಿ ನಿಮ್ಮ ದುಡ್ಡೂ ಇದೆ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ ಗ್ರಾಮೀಣಾಭಿವೃದ್ಧಿ ಇಲಾಖೆ ‘ಓದುವ ಬೆಳಕು’ ಕಾರ್ಯಕ್ರಮ ಆರಂಭಿಸಿತು. 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಇಂದು ಅವನ್ನೇ ನಾವು ಅರಿವು ಕೇಂದ್ರ ಎನ್ನುತ್ತೇವೆ. ಅನೇಕ ಕಡೆ ಬೇಸಿಗೆ ಶಿಬಿರವೂ ನಡೆಯುತ್ತದೆ: ಕಥೆ ಹೇಳುವುದು, ಚಿತ್ರ ಬಿಡಿಸುವುದು, ಗಟ್ಟಿಯಾಗಿ ಓದುವುದು.

ವ್ಯವಸ್ಥೆ ಇದೆ. ಮಗುವನ್ನು ಮೊದಲ ಸಲ ಅಲ್ಲಿಗೆ ಕರೆದೊಯ್ಯುವ ಕೈಯೊಂದು ಬೇಕು. ಗ್ರಂಥಾಲಯವೆಂದರೆ ದೊಡ್ಡವರು ಪೇಪರ್ ಓದುವ ಜಾಗ ಎಂದೇ ಬಹಳ ಮಕ್ಕಳು ತಿಳಿದಿರುತ್ತಾರೆ. ಒಳಗೆ ಹೋಗಲು ಅಳುಕುತ್ತಾರೆ. ನೀವು ಜೊತೆಗಿದ್ದರೆ ಆ ಅಳುಕು ಒಂದೇ ದಿನದಲ್ಲಿ ಹೋಗುತ್ತದೆ.

ತಂದೆತಾಯಂದಿರೇ, ಪುಸ್ತಕವನ್ನು ಮಗುವೇ ಆರಿಸಿಕೊಳ್ಳಲಿ. ಬರೀ ಚಿತ್ರವಿರುವ ಪುಸ್ತಕ ಎತ್ತಿಕೊಂಡರೂ ಬೇಡ ಎನ್ನಬೇಡಿ. ಹಿಡಿಸದಿದ್ದರೆ ಅರ್ಧಕ್ಕೇ ಬಿಡಲಿ, ಹಿಡಿಸಿದರೆ ಅದನ್ನೇ ನಾಲ್ಕು ಸಲ ಓದಲಿ. ಓದಿ ಮುಗಿಸಿದ ಕೂಡಲೇ ‘ಇದರ ನೀತಿ ಏನು’ ಎಂದು ಕೇಳದಿರಿ ಎಂಬುದು ನನ್ನ ವಿಶೇಷ ವಿನಂತಿ. ರಜೆಯ ಓದಿಗೂ ಪರೀಕ್ಷೆಯ ನೆರಳು ಬಿದ್ದರೆ ಮಗು ಪುಸ್ತಕದಿಂದ ದೂರ ಸರಿಯುತ್ತದೆ. ‘ಆಮೇಲೆ ಏನಾಯ್ತು, ನನಗೂ ಹೇಳು’ ಎನ್ನಿ. ಮಗು ಕಥೆ ಹೇಳಲು ಕುಳಿತಾಗ ಮೊಬೈಲ್ ಬದಿಗಿಟ್ಟು ಕೇಳಿ. ನಿಮಗೆ ಓದಲು ಬಾರದಿದ್ದರೂ ಚಿಂತೆಯಿಲ್ಲ. ಕೇಳುವವರೊಬ್ಬರು ಸಿಕ್ಕರೆ ಮಗು ತಾನಾಗಿಯೇ ಗಟ್ಟಿಯಾಗಿ ಓದುತ್ತದೆ.

ರಜೆಗೆ ಮೊಮ್ಮಕ್ಕಳನ್ನು ಕರೆಸಿಕೊಳ್ಳುವ ಅಜ್ಜ ಅಜ್ಜಿಯರೇ, ನಿಮ್ಮೂರಿನ ಗ್ರಂಥಾಲಯವನ್ನೂ ಅವರಿಗೆ ತೋರಿಸಿ. ಪಟ್ಟಣದ ಮಗುವಿಗೂ ಹಳ್ಳಿಯ ಮಗುವಿಗೂ ಒಂದೇ ಚಾಪೆಯ ಮೇಲೆ ಗೆಳೆತನ ಬೆಳೆಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ.

ನಿವೃತ್ತ ಶಿಕ್ಷಕರೇ, ಕಾಲೇಜು ವಿದ್ಯಾರ್ಥಿಗಳೇ, ವಾರಕ್ಕೊಂದು ಗಂಟೆ ಕೊಡುವಿರಾ? ಪಂಜೆಯವರ, ರಾಜರತ್ನಂ ಅವರ ಪದ್ಯಗಳನ್ನು ಓದಿ ಹೇಳಿದರೂ ಸಾಕು, ಕೋಣೆ ತುಂಬ ನಗು ಏಳುತ್ತದೆ. ಗ್ರಂಥಾಲಯದ ಮೇಲ್ವಿಚಾರಕರು ಸಾಮಾನ್ಯವಾಗಿ ಒಬ್ಬರೇ. ನಿಮ್ಮ ನೆರವು ಅವರಿಗೆ ದೊಡ್ಡ ಬಲ. ಪುಸ್ತಕ ಕೊಡುವವರು ಹಳೆಯ ಗೈಡುಗಳ ಬದಲು ಮಕ್ಕಳು ಆಸೆಪಟ್ಟು ಓದುವ ಪುಸ್ತಕ ಕೊಡಿ. ಪಂಚಾಯಿತಿ ಸದಸ್ಯರು ಕುಡಿಯುವ ನೀರು, ಫ್ಯಾನು, ಜಮಖಾನೆಯತ್ತ ಗಮನ ಹರಿಸಿದರೆ ಏಪ್ರಿಲ್ ಬಿಸಿಲಿನಲ್ಲೂ ಮಕ್ಕಳು ನೆಮ್ಮದಿಯಿಂದ ಕೂರುತ್ತಾರೆ.

ನಿಮ್ಮ ಹತ್ತಿರದ ಗ್ರಂಥಾಲಯ ತೆರೆದಿರುವ ಹೊತ್ತನ್ನು ಇಂದೇ ವಿಚಾರಿಸಿಕೊಳ್ಳಿ. ಈ ವಾರ ನಿಮ್ಮ ಮಗುವನ್ನು ಕರೆದುಕೊಂಡು ಹೋಗಿ. ಹೋಗುವಾಗ ಪಕ್ಕದ ಮನೆಯ ಮಗುವನ್ನೂ ಕರೆಯಿರಿ.